ಕಾಮಿನೊ ದಾರಿಯಲ್ಲಿ ಇಬ್ಬರು ಗೆಳೆಯರು: ಏರಿನಲ್ಲಿ ಬೇರೆ ಬೇರೆ, ಗಾಳಿಯಲ್ಲಿ ಒಟ್ಟಿಗೆ

ಪ್ರಶ್ನೆ: ನಾನು ಮತ್ತು ನನ್ನ ಗೆಳೆಯ ಸ್ಪೇನಿನ ಕಾಮಿನೊ ಎಂಬ ಹಳೆಯ ಕ್ರೈಸ್ತ ಯಾತ್ರೆಯನ್ನು ಸೈಕಲ್‌ನಲ್ಲಿ ಮಾಡಬೇಕು ಅಂತಿದ್ದೇವೆ. ಫ್ರಾನ್ಸ್ ಗಡಿಯಿಂದ ಸಾಂತಿಯಾಗೊವರೆಗಿನ ಪೂರ್ತಿ ದಾರಿ. ಇಬ್ಬರಿಗೂ 45 ದಾಟಿದೆ. ಅವನು ವಾರವಿಡೀ ಸೈಕಲ್ ತುಳಿಯುವವನು, ನಾನು ಭಾನುವಾರ ಮಾತ್ರ. ಎಷ್ಟು ದಿನ ಬೇಕು? ನಡೆಯುವವರ ದಾರಿಯಲ್ಲೇ ಸೈಕಲ್ ಹೋಗುತ್ತದಾ? ನಾನು ಸಸ್ಯಾಹಾರಿ, ಮೊಟ್ಟೆ ತಿನ್ನುತ್ತೇನೆ, ಅಲ್ಲಿ ಊಟಕ್ಕೆ ಏನು ಮಾಡುವುದು? ಎಲ್ಲಕ್ಕಿಂತ ಮುಖ್ಯವಾಗಿ, ಅವನ ವೇಗಕ್ಕೆ ನಾನು ಹೊಂದಿಕೊಳ್ಳುವುದು ಹೇಗೆ?

ಉತ್ತರ: ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಉಳಿದದ್ದೆಲ್ಲ ಅದರ ಮೇಲೇ ನಿಂತಿದೆ.

ಅವನ ವೇಗಕ್ಕೆ ಹೊಂದಿಕೊಳ್ಳಲು ಹೋಗಬೇಡಿ. ಆಗುವುದಿಲ್ಲ. ಮೂರನೇ ದಿನಕ್ಕೆ ಮಂಡಿ ಹಿಡಿದುಕೊಳ್ಳುತ್ತದೆ, ನಾಲ್ಕನೇ ದಿನಕ್ಕೆ ಮಾತು ಕಮ್ಮಿಯಾಗುತ್ತದೆ. ಹಾಗಂತ ಅವನು ಇಡೀ ದಾರಿ ನಿಮ್ಮ ಪಕ್ಕದಲ್ಲೇ ಬ್ರೇಕ್ ಹಿಡಿದುಕೊಂಡು ಬರಬೇಕು ಅಂತಲೂ ಅಲ್ಲ. ಅದು ಅವನಿಗೆ ಶಿಕ್ಷೆ, ನಿಮಗೆ ಮುಜುಗರ. ಎಲ್ಲಿ ಬೇರೆಯಾಗಬೇಕು, ಎಲ್ಲಿ ಅಂಟಿಕೊಂಡು ಹೋಗಬೇಕು ಅನ್ನುವುದನ್ನು ದಾರಿ ನೋಡಿ ಮೊದಲೇ ಗೊತ್ತು ಮಾಡಿಕೊಳ್ಳಿ.

ಇದರ ಹಿಂದೆ ಸರಳವಾದ ಲೆಕ್ಕವಿದೆ. ಕಡಿದಾದ ಏರಿನಲ್ಲಿ ನೀವು ಹೋಗುವುದೇ ಗಂಟೆಗೆ 7–8 ಕಿ.ಮೀ. ಆ ವೇಗದಲ್ಲಿ ಗಾಳಿಯ ತಡೆ ಲೆಕ್ಕಕ್ಕೇ ಇಲ್ಲ, ನಿಮ್ಮ ಮೈತೂಕ, ಸೈಕಲ್, ಚೀಲ ಇಷ್ಟನ್ನೂ ಮೇಲಕ್ಕೆ ಎಳೆಯುವುದೇ ಕೆಲಸ. ಅವನ ಹಿಂದೆ ಅಂಟಿಕೊಂಡು ಹೋದರೂ ಏನೂ ಲಾಭವಿಲ್ಲ. ಇಬ್ಬರ ಶಕ್ತಿಯ ವ್ಯತ್ಯಾಸ ಪೂರ್ತಿ ಎದ್ದು ಕಾಣುವುದು ಅಲ್ಲೇ. ಬಯಲಿನಲ್ಲಿ ಎದುರುಗಾಳಿ ಬೀಸಿದರೆ ಕತೆ ಬೇರೆ. ಅಲ್ಲಿ ಶಕ್ತಿಯೆಲ್ಲ ಗಾಳಿ ಸೀಳುವುದಕ್ಕೇ ಹೋಗುತ್ತದೆ, ಅವನ ಹಿಂದಿನ ಚಕ್ರಕ್ಕೆ ಹತ್ತಿರವಾಗಿ ಒಂದು ಮೀಟರ್ ಅಂತರದಲ್ಲಿ ಹೋದರೆ ನಿಮ್ಮ ಶ್ರಮದಲ್ಲಿ ಸುಮಾರು ಕಾಲು ಭಾಗ ಉಳಿಯುತ್ತದೆ. ಅಂದರೆ ಗಾಳಿ ಜೋರಾದಷ್ಟೂ ನೀವಿಬ್ಬರೂ ಸಮ ಆಗುತ್ತೀರಿ. ಆದ್ದರಿಂದ ಏರಿನಲ್ಲಿ ಅವನನ್ನು ಬಿಟ್ಟುಬಿಡಿ, ಗಾಳಿಯಲ್ಲಿ ಬಿಡಬೇಡಿ.

ಇದನ್ನು ಕಾಮಿನೊ ಮೇಲೆ ಇಟ್ಟು ನೋಡೋಣ. ಕಾಮಿನೊಗೆ ದಾರಿಗಳು ಹಲವು, ನೀವು ಹೇಳುತ್ತಿರುವುದು ಫ್ರೆಂಚ್ ದಾರಿ. ಫ್ರಾನ್ಸಿನ ಸ್ಯಾನ್ ಜಾನ್ ಪಿಯೆ ದ ಪೋರ್‌ನಿಂದ ಸಾಂತಿಯಾಗೊ ದೆ ಕೊಂಪೊಸ್ತೆಲಾದವರೆಗೆ ಸುಮಾರು 780 ಕಿ.ಮೀ. ದಿನಕ್ಕೆ 50–60 ಕಿ.ಮೀ. ಹಿಡಿದರೆ 14 ದಿನ, ಮಳೆಗೆ ಮತ್ತು ಸುಸ್ತಿಗೆ ಅಂತ ಇನ್ನೆರಡು ದಿನ ಇಟ್ಟುಕೊಳ್ಳಿ. ನಿಮ್ಮ ಗೆಳೆಯ ಹತ್ತು ದಿನ ಸಾಕು ಅನ್ನಬಹುದು. ಅವನಿಗೆ ಸಾಕು, ನಿಜ. ದಿನದ ದೂರ ನಿರ್ಧರಿಸುವುದು ಮಾತ್ರ ನಿಧಾನ ಇರುವವರು, ಅಂದರೆ ನೀವು. ಇದರಲ್ಲಿ ಚೌಕಾಸಿ ಬೇಡ.

ಈ ದಾರಿಯಲ್ಲಿ ದೊಡ್ಡ ಏರುಗಳು ಮೂರು. ಮೊದಲನೆಯದು ಮೊದಲ ದಿನವೇ ಬರುವ ಪಿರೆನೀಸ್ ಪರ್ವತ. ಸ್ಯಾನ್ ಜಾನ್ ಇರುವುದು ಸುಮಾರು 170 ಮೀಟರ್ ಎತ್ತರದಲ್ಲಿ. ನಡೆಯುವವರು ನೆಪೋಲಿಯನ್ ದಾರಿ ಹಿಡಿದು 1,400 ಮೀಟರ್ ದಾಟುತ್ತಾರೆ. ಚೀಲ ಕಟ್ಟಿದ ಸೈಕಲ್‌ಗೆ ಅದು ಬೇಡವೇ ಬೇಡ, ಅದರ ಇಳಿಜಾರಂತೂ ಇನ್ನೂ ಬೇಡ. ನವೆಂಬರ್ 1ರಿಂದ ಮಾರ್ಚ್ 31ರವರೆಗೆ ಆ ದಾರಿಯನ್ನು ನಡೆಯುವವರಿಗೂ ಮುಚ್ಚಿರುತ್ತಾರೆ. ನೀವು ವಾಲ್ಕಾರ್ಲೋಸ್ ಕಣಿವೆಯ ಡಾಂಬರು ರಸ್ತೆ ಹಿಡಿಯಿರಿ. ಅದು 1,057 ಮೀಟರ್ ಎತ್ತರದ ಇಬನ್ಯೇತಾ ಕಣಿವೆದಾರಿ ದಾಟಿ ರೊನ್ಸೆಸ್ವಾಯೆಸ್‌ಗೆ ಇಳಿಯುತ್ತದೆ. ಮೊದಲ ದಿನ ಅಲ್ಲಿಗೇ ನಿಲ್ಲಿಸಿ. ದೂರ 30 ಕಿ.ಮೀ. ಕೂಡ ಆಗುವುದಿಲ್ಲ, ಗೆಳೆಯ ಗೊಣಗಬಹುದು, ಗೊಣಗಲಿ.

ಎರಡನೆಯದು ಅಸ್ತೋರ್ಗಾ ದಾಟಿದ ಮೇಲೆ ಸಿಗುವ ಕ್ರೂಸ್ ದೆ ಫೆರ್ರೊ, ಸುಮಾರು 1,500 ಮೀಟರ್. ಉದ್ದನೆ ಮರದ ಕಂಬದ ತುದಿಯಲ್ಲಿ ಒಂದು ಕಬ್ಬಿಣದ ಶಿಲುಬೆ, ಕೆಳಗೆ ಯಾತ್ರಿಕರು ತಂದು ಹಾಕಿದ ಕಲ್ಲುಗಳ ಗುಡ್ಡೆ. ಮನೆಯಿಂದ ಕಲ್ಲು ಒಯ್ಯುವ ಪದ್ಧತಿ ಇದೆ. ನೀವೂ ಒಯ್ಯುವುದಾದರೆ ಬೆರಳ ತುದಿಯಷ್ಟು ಚಿಕ್ಕದು ಸಾಕು. ಮೂರನೆಯದು ಒ ಸೆಬ್ರೇರೊ, ಸುಮಾರು 1,300 ಮೀಟರ್. ವಿಯಾಫ್ರಾಂಕಾದಿಂದ ಹಳೆಯ ಹೆದ್ದಾರಿಯಲ್ಲೇ ಹೋಗಿ, ಪಕ್ಕದಲ್ಲಿ ಹೊಸ ಮೋಟಾರುದಾರಿ ಬಂದಿರುವುದರಿಂದ ಅಲ್ಲಿ ವಾಹನ ಕಮ್ಮಿ. ದಾರಿಯುದ್ದಕ್ಕೂ ಕಾಣುವ ಹಳದಿ ಬಾಣದ ಗುರುತುಗಳನ್ನು 1980ರ ದಶಕದಲ್ಲಿ ಬಳಿಯಲು ಶುರು ಮಾಡಿದ್ದು ಇದೇ ಒ ಸೆಬ್ರೇರೊ ಹಳ್ಳಿಯ ಪಾದ್ರಿ ಎಲಿಯಾಸ್ ವಲಿನ್ಯಾ. ಅವರು ಬಳಿದದ್ದು ನಡೆಯುವವರಿಗಾಗಿ ಅನ್ನುವುದನ್ನು ಮಾತ್ರ ಮರೆಯಬೇಡಿ. ಬಾಣ ನಂಬಿ ಹೋದರೆ ಮೆಟ್ಟಿಲು, ಕೊರಕಲು, ಕೆಸರು ಎಲ್ಲವೂ ಸಿಗುತ್ತವೆ. ಮೊಬೈಲ್‌ನಲ್ಲಿ ಸೈಕಲ್ ದಾರಿಯ ಆಫ್‌ಲೈನ್ ನಕ್ಷೆ ಬೇಕೇ ಬೇಕು.

ಈ ಮೂರು ಏರುಗಳಲ್ಲಿ ನೀವು ಬೇರೆ ಬೇರೆ. ಅದಕ್ಕೆ ಕೆಲವು ಕರಾರು ಮಾಡಿಕೊಳ್ಳಿ. ಬೆಳಗ್ಗೆ ನೀವು ಅರ್ಧ ಗಂಟೆ ಮೊದಲೇ ಹೊರಡಿ. ಅವನು ಕಾಫಿ ಮುಗಿಸಿ ಬರಲಿ. ಹೀಗೆ ಮಾಡಿದರೆ ದಾರಿಯಲ್ಲಿ ಅವನು ನಿಮ್ಮನ್ನು ದಾಟಿಕೊಂಡು ಹೋಗುವಾಗ ಒಂದು ಮಾತಾದರೂ ಆಗುತ್ತದೆ, ನಿಮ್ಮ ಸೈಕಲ್ ಕೆಟ್ಟಿದ್ದರೆ ಅವನ ಕಣ್ಣಿಗೂ ಬೀಳುತ್ತದೆ. ಸುಮ್ನೆ ಹಿಂದೆ ಉಳಿದುಬಿಟ್ಟರೆ ನೀವೆಲ್ಲಿದ್ದೀರಿ ಅಂತ ಅವನಿಗೆ ಗೊತ್ತೇ ಆಗುವುದಿಲ್ಲ. ಮತ್ತೆ ಸೇರುವ ಜಾಗ ಗುಡ್ಡದ ತುದಿ ಆಗಬಾರದು. ಬೆವರಿದ ಮೈಯಲ್ಲಿ ಅಲ್ಲಿ ಮುಕ್ಕಾಲು ಗಂಟೆ ಕಾದರೆ ಅವನು ನಡುಗಿಹೋಗುತ್ತಾನೆ. ಒಳಗೆ ಕೂರಲು ಜಾಗವಿರುವ ಹಳ್ಳಿ ಬಾರ್ ಅಂತ ಗೊತ್ತು ಮಾಡಿಕೊಳ್ಳಿ. ಅಲ್ಲಿ ಬಾರ್ ಅಂದರೆ ಕಾಫಿ, ತಿಂಡಿ, ಶೌಚಾಲಯ, ಯಾತ್ರೆಯ ಪುಸ್ತಿಕೆಗೆ ಮುದ್ರೆ ಎಲ್ಲ ಸಿಗುವ ಜಾಗ, ಗಾಬರಿ ಬೇಡ.

ಇನ್ನೊಂದು ಕರಾರು ಚಿಕ್ಕದಾಗಿ ಕಾಣುತ್ತದೆ, ಆದರೆ ಜೊತೆ ಹೋದವರ ಜಗಳಗಳಲ್ಲಿ ನಾನು ಜಾಸ್ತಿ ಕೇಳಿರುವುದು ಇದನ್ನೇ. ಮುಂದೆ ಹೋದವನು ಕಾಯುತ್ತಾನೆ, ಚೆನ್ನಾಗಿ ದಣಿವಾರಿಸಿಕೊಳ್ಳುತ್ತಾನೆ, ಹಿಂದಿನವನು ಏದುಸಿರು ಬಿಡುತ್ತಾ ಬಂದ ಕೂಡಲೇ ‘ಸರಿ, ಹೊರಡೋಣ್ವಾ?’ ಅಂತ ಎದ್ದು ನಿಲ್ಲುತ್ತಾನೆ. ಜಾಸ್ತಿ ದಣಿದವನಿಗೇ ವಿಶ್ರಾಂತಿ ಇಲ್ಲ! ಆಮೇಲೆ ಅವನು ಇನ್ನೂ ನಿಧಾನ ಆಗುತ್ತಾನೆ, ಮುಂದಿನವನು ಇನ್ನೂ ಜಾಸ್ತಿ ಕಾಯುತ್ತಾನೆ. ನೀವು ಬಂದು ಕೂತ ಮೇಲೆ ಕಾಲು ಗಂಟೆ ಯಾರೂ ಏಳುವುದಿಲ್ಲ ಅಂತ ಮೊದಲೇ ಹೇಳಿಟ್ಟುಬಿಡಿ.

ಇಳಿಜಾರಿನ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಏರಿಗೆ ಹೆದರುವವರು ಇಳಿಜಾರಿಗೆ ಹೆದರುವುದಿಲ್ಲ, ತಪ್ಪುವುದು ಅಲ್ಲೇ. ಕ್ರೂಸ್ ದೆ ಫೆರ್ರೊದಿಂದ ಎಲ್ ಅಸೆಬೊ ಹಳ್ಳಿ ಹಾದು ಮೊಲಿನಸೆಕಾಗೆ ಇಳಿಯುವಾಗ ಸುಮಾರು 900 ಮೀಟರ್ ಎತ್ತರ ಕಳೆಯುತ್ತೀರಿ. ಎಲ್ ಅಸೆಬೊ ಹತ್ತಿರ ಸೈಕಲ್ ಆಕಾರದ ಒಂದು ಸ್ಮಾರಕವಿದೆ, ಅಲ್ಲಿ ತೀರಿಕೊಂಡ ಒಬ್ಬ ಸೈಕಲ್ ಯಾತ್ರಿಕರ ನೆನಪಿಗೆ. ಉದ್ದ ಇಳಿಜಾರಿನಲ್ಲಿ ಬ್ರೇಕನ್ನು ಸಣ್ಣಗೆ ಹಿಡಿದೇ ಇದ್ದರೆ ಬಿಸಿ ಏರುತ್ತಲೇ ಹೋಗುತ್ತದೆ. ರಿಮ್ ಬ್ರೇಕ್ ಆದರೆ ರಿಮ್ ಕಾದು ಟ್ಯೂಬ್ ಸಿಡಿಯಬಹುದು, ಡಿಸ್ಕ್ ಆದರೆ ಹಿಡಿತ ಸಡಿಲವಾಗಬಹುದು. ತಿರುವಿಗೆ ಮೊದಲೇ ಎರಡೂ ಬ್ರೇಕ್ ಗಟ್ಟಿಯಾಗಿ ಹಿಡಿದು ವೇಗ ಇಳಿಸಿ, ಆಮೇಲೆ ಪೂರ್ತಿ ಬಿಟ್ಟು ತಣ್ಣಗಾಗಲು ಬಿಡಿ. ತಿರುವಿನ ಒಳಗೆ ಬ್ರೇಕ್ ಮುಟ್ಟಬೇಡಿ. ಸೊಂಟ ಸೀಟಿನ ಹಿಂಬದಿಗೆ ಸರಿಸಿ. ಕೈ ನೋಯಲು ಶುರುವಾದರೆ ನಿಲ್ಲಿಸಿ, ಅದೇ ನಿಮಗೆ ಸೂಚನೆ. ಇಳಿಯುವಾಗ ಇಬ್ಬರ ನಡುವೆ ದೊಡ್ಡ ಅಂತರ ಇರಲಿ, ಮುಂದಿನವನನ್ನು ಹಿಡಿಯುವ ಆಸೆ ಬೇಡ. ಮಳೆ ಬಂದಿದ್ದರೆ ಹಳ್ಳಿಗಳೊಳಗಿನ ಕಲ್ಲುಹಾಸಿನಲ್ಲಿ ಸೈಕಲ್ ಇಳಿದು ತಳ್ಳಿ, ನಾಚಿಕೆಯೇನೂ ಇಲ್ಲ.

ಪಂಪ್ಲೋನಾ ದಾಟಿದ ಮೇಲೆ ಬರುವ ಆಲ್ತೊ ದೆಲ್ ಪೆರ್ದೋನ್ ಗುಡ್ಡದ್ದೂ ಇದೇ ಕತೆ. ಮೇಲೆ ಲೋಹದ ಯಾತ್ರಿಕರ ಸಾಲು ಇದೆ, ಫೋಟೊ ಎಲ್ಲರೂ ತೆಗೆಯುತ್ತಾರೆ. ಆಚೆ ಕಡೆ ಕಾಲುದಾರಿಯಲ್ಲಿ ಇಳಿಯಲು ಹೋದರೆ ಸಡಿಲವಾದ ಉರುಟು ಕಲ್ಲುಗಳು. ನಿಮ್ಮ ಗೆಳೆಯನಿಗೆ ಬೆಟ್ಟದ ಸೈಕಲ್ ಅಭ್ಯಾಸವಿದ್ದರೆ ಇಳಿಯಲಿ. ನೀವು ರಸ್ತೆಗೆ ಬನ್ನಿ.

ಅಂದರೆ ನಿಮ್ಮ ಎರಡನೇ ಪ್ರಶ್ನೆಗೆ ಉತ್ತರ, ಅರ್ಧ ಹೌದು, ಅರ್ಧ ಇಲ್ಲ. ಮಣ್ಣಿನ ಅಗಲ ದಾರಿಗಳಲ್ಲಿ ಧಾರಾಳವಾಗಿ ಹೋಗಬಹುದು, ಗುಡ್ಡಗಳಲ್ಲಿ ರಸ್ತೆ ಒಳ್ಳೆಯದು. ಸಾಂತಿಯಾಗೊಗೆ ನೂರು ಚಿಲ್ಲರೆ ಕಿ.ಮೀ. ಉಳಿದಾಗ ಸಿಗುವ ಸಾರಿಯಾ ಊರಿನಿಂದ ಆಚೆಗೂ ಬೆಳಗಿನ ಹೊತ್ತು ರಸ್ತೆಯೇ ಒಳ್ಳೆಯದು, ಕಾರಣ ಜನ. 2024ರಲ್ಲಿ ಸಾಂತಿಯಾಗೊದಲ್ಲಿ ಯಾತ್ರೆ ಮುಗಿಸಿದ ಪ್ರಮಾಣಪತ್ರ ಪಡೆದವರು ಹತ್ತಿರ ಹತ್ತಿರ 5 ಲಕ್ಷ, ಅದರಲ್ಲಿ ದೊಡ್ಡ ಪಾಲು ಸಾರಿಯಾದಿಂದ ನಡೆಯುವವರು. ಕಾಲುದಾರಿಯಲ್ಲಿ ನಡೆಯುವವರಿಗೇ ಮೊದಲ ಹಕ್ಕು. ದೂರದಿಂದಲೇ ಬೆಲ್ ಮಾಡಿ, ನಿಧಾನಿಸಿ, ‘ಬುಯೆನ್ ಕಾಮಿನೊ’, ಅಂದರೆ ಶುಭಯಾತ್ರೆ, ಅಂತ ಹೇಳಿ ದಾಟಿ. ಇಬ್ಬರಿದ್ದಾಗ ಒಂದು ತೊಂದರೆ ಇದೆ. ಮೊದಲನೆಯವನಿಗೆ ದಾರಿ ಬಿಟ್ಟ ಜನ ಮತ್ತೆ ನಡುವಿಗೆ ಬರುತ್ತಾರೆ, ಹಿಂದೆ ಬರುವ ನೀವು ಅವರ ಮೇಲೆ ಹೋಗುತ್ತೀರಿ. ಮುಂದಿನವನು ‘ದೋಸ್’ ಅಂತ ಕೂಗಲಿ, ಇಬ್ಬರಿದ್ದೇವೆ ಅಂತ ಅವರಿಗೆ ಅರ್ಥವಾಗುತ್ತದೆ.

ಈಗ ಒಟ್ಟಿಗೆ ಹೋಗಬೇಕಾದ ಜಾಗ. ಬುರ್ಗೋಸ್‌ನಿಂದ ಲೆಯೋನ್‌ವರೆಗಿನ ಮೆಸೆತಾ, ಅಂದರೆ ಎತ್ತರದ ಬಯಲುಸೀಮೆ. ಸುಮಾರು 180 ಕಿ.ಮೀ. ಗೋಧಿ ಹೊಲ, ಆಕಾಶ, ನೇರ ದಾರಿ. ನೆರಳು ಹುಡುಕಿದರೂ ಸಿಗುವುದಿಲ್ಲ. ಕಾರ್ರಿಯೋನ್ ದೆ ಲೋಸ್ ಕೊಂದೆಸ್ ಬಿಟ್ಟ ಮೇಲೆ 17 ಕಿ.ಮೀ. ಒಂದು ಹಳ್ಳಿಯೂ ಇಲ್ಲ, ಹಾಗಾಗಿ ಹೊರಡುವ ಮೊದಲು ಬಾಟಲಿ ತುಂಬಿಸಿಕೊಳ್ಳಿ. ನೀವು ಹೋಗುವುದು ಪಶ್ಚಿಮಕ್ಕೆ, ಗಾಳಿಯೂ ಎಷ್ಟೋ ದಿನ ಅಲ್ಲಿಂದಲೇ ಬರುತ್ತದೆ. ಬೇಗ ಹೊರಡುವುದು, ಬಾರ್‌ನಲ್ಲಿ ಸೇರುವುದು ಇದೆಲ್ಲ ಇಲ್ಲಿ ರದ್ದು. ಗೆಳೆಯ ಮುಂದೆ, ನೀವು ಅವನ ಬೆನ್ನಿಗೆ. ಐದು ನಿಮಿಷ ನೀವೂ ಮುಂದೆ ಬನ್ನಿ, ಗೌರವದ ಪ್ರಶ್ನೆ ಅಲ್ವಾ, ಮತ್ತೆ ಹಿಂದೆ ಹೋಗಿ. ಹಿಂದೆ ಇರುವವರಿಗೆ ಗುಂಡಿ ಕಾಣುವುದಿಲ್ಲ, ಮುಂದಿನವನು ಕೈ ತೋರಿಸಬೇಕು. ಅವನು ಪದೇ ಪದೇ ತಿರುಗಿ ನೋಡುವ ಬದಲು ನೀವು ಹಿಂದೆ ಬಿದ್ದಾಗ ಒಂದು ಕೂಗು ಹಾಕಿ. ಇಲ್ಲಿ ಅವನ ಬಲ ನಿಜವಾಗಿಯೂ ನಿಮ್ಮ ಕೆಲಸಕ್ಕೆ ಬರುತ್ತದೆ, ಅವನಿಗೂ ಅದು ಖುಷಿಯೇ.

ಬಲ ಸಮ ಮಾಡಲು ಇನ್ನೊಂದು ದಾರಿ ಸಾಮಾನು. ಇಬ್ಬರೂ ಸಮವಾಗಿ ಹಂಚಿಕೊಳ್ಳುವುದು ನ್ಯಾಯ ಅನಿಸುತ್ತದೆ, ಆದರೆ ಅದು ನ್ಯಾಯವಲ್ಲ. ಬೀಗ, ಸರಂಜಾಮು, ಔಷಧಿ ಚೀಲ, ಚಾರ್ಜರ್ ಎಲ್ಲ ಅವನ ಚೀಲಕ್ಕೆ ಹೋಗಲಿ. ನಿಮ್ಮದು 7 ಕೆ.ಜಿ., ಅವನದು 11 ಆದರೆ ಏರಿನಲ್ಲಿ ಅಂತರ ಕಣ್ಣಿಗೆ ಕಾಣುವಷ್ಟು ತಗ್ಗುತ್ತದೆ. ಆದರೆ ನೀವು ಬೇರೆ ಬೇರೆ ಹೋಗುವವರು, ಹಾಗಾಗಿ ಒಂದು ಟ್ಯೂಬ್, ಪಂಪ್, ಟೈರ್ ಲಿವರ್, ಸಣ್ಣ ಟೂಲ್ ಇಷ್ಟು ಇಬ್ಬರ ಹತ್ತಿರವೂ ಇರಲೇಬೇಕು. ಪಾಸ್‌ಪೋರ್ಟ್, ಕಾರ್ಡ್, ವಿಮೆಯ ಕಾಗದವನ್ನು ಒಬ್ಬರ ಚೀಲದಲ್ಲಿ ಸೇರಿಸಿಡುವ ಬುದ್ಧಿವಂತಿಕೆ ಬೇಡ. ತುರ್ತಿಗೆ ಅಲ್ಲಿ ಕರೆಯಬೇಕಾದ ಸಂಖ್ಯೆ 112.

ಸೈಕಲ್ ಯಾವುದು? ಮಣ್ಣುದಾರಿಗೂ ಆಗುವ ಗ್ರಾವೆಲ್ ಸೈಕಲ್ ಅಥವಾ ಮುಂದೆ ಮಾತ್ರ ಸಸ್ಪೆನ್ಷನ್ ಇರುವ ಎಂಟಿಬಿ (ಬೆಟ್ಟದ ಸೈಕಲ್), ಟೈರ್ 40–50 ಮಿ.ಮೀ. ಕಮ್ಮಿ ಗೇರ್ ಇರಲೇಬೇಕು, ಮುಂದಿನ ಚಿಕ್ಕ ಚಕ್ರದ ಹಲ್ಲಿಗಿಂತ ಹಿಂದಿನ ದೊಡ್ಡ ಚಕ್ರದ ಹಲ್ಲು ಜಾಸ್ತಿ ಇರಬೇಕು. ಮುಂದೆ 30, ಹಿಂದೆ 36 ಇದ್ದರೆ ಚೆನ್ನ. ಇಬ್ಬರೂ ಒಂದೇ ಅಳತೆಯ ಟೈರ್, ಒಂದೇ ಥರದ ವಾಲ್ವ್, ಒಂದೇ ಬ್ರೇಕ್ ಪ್ಯಾಡ್ ಇಟ್ಟುಕೊಂಡರೆ ಒಂದೇ ಬಿಡಿಭಾಗದ ಕಟ್ಟು ಇಬ್ಬರಿಗೂ ಆಗುತ್ತದೆ. ಇದೇ ಕಾರಣಕ್ಕೆ ನನ್ನ ಓಟು ಅಲ್ಲೇ ಬಾಡಿಗೆಗೆ ತೆಗೆದುಕೊಳ್ಳುವುದಕ್ಕೆ. ಶುರುವಿನ ಊರಿಗೆ ಸೈಕಲ್ ತಲುಪಿಸಿ ಸಾಂತಿಯಾಗೊದಲ್ಲಿ ವಾಪಸ್ ಪಡೆಯುವ ಕಂಪನಿಗಳಿವೆ, ಒಂದೇ ಮಾದರಿಯ ಎರಡು ಸೈಕಲ್ ಕೇಳಿ. ವಿಮಾನದಲ್ಲಿ ಒಯ್ದು, ಬಿಚ್ಚಿ ಜೋಡಿಸುವ ತಲೆನೋವು ತಪ್ಪುತ್ತದೆ. ಸೀಟು ಮತ್ತು ಪೆಡಲ್ ಮಾತ್ರ ನಿಮ್ಮದೇ ಒಯ್ಯಿರಿ, ಕೂತು ಅಭ್ಯಾಸವಾದ ಸೀಟಿಗೆ ಬದಲಿ ಇಲ್ಲ.

ರಸ್ತೆಯ ನಿಯಮ ಬೇಗ ಹೇಳಿಬಿಡುತ್ತೇನೆ. ಅಲ್ಲಿ ಬಲಗಡೆ ಓಡಿಸಬೇಕು. ಟ್ರಾಫಿಕ್ ಇದ್ದಾಗ ನೆನಪಿರುತ್ತದೆ. ಖಾಲಿ ಹಳ್ಳಿ ರಸ್ತೆಯಲ್ಲಿ ಕಾಫಿ ಕುಡಿದು ಹೊರಟಾಗ ಕೈ ತಾನಾಗಿ ಎಡಕ್ಕೆ ಹೋಗುತ್ತದೆ, ಅಪಾಯ ಆ ಹೊತ್ತಿನದು. ಊರಾಚೆಯ ರಸ್ತೆಗಳಲ್ಲಿ ಹೆಲ್ಮೆಟ್ ಕಡ್ಡಾಯ. ವೃತ್ತದೊಳಗೆ ಇರುವ ವಾಹನಕ್ಕೆ ಮೊದಲ ಹಕ್ಕು. ಕುಡಿದು ಓಡಿಸುವ ಕಾನೂನು ಸೈಕಲ್‌ಗೂ ಅನ್ವಯಿಸುತ್ತದೆ, ಎಸ್ತೆಯಾ ದಾಟಿದ ಮೇಲೆ ಇರಾಚೆಯಲ್ಲಿ ಯಾತ್ರಿಕರಿಗೆ ಪುಕ್ಕಟೆ ವೈನ್ ಬರುವ ನಲ್ಲಿ ಸಿಗುತ್ತದೆ, ಅದಕ್ಕೇ ಹೇಳಿದೆ.

ಮಲಗುವುದಕ್ಕೆ ಆಲ್ಬೆರ್ಗೆ ಅನ್ನುವ ಯಾತ್ರಿಕರ ವಸತಿಗಳಿವೆ. ಸಾರ್ವಜನಿಕ ಆಲ್ಬೆರ್ಗೆಗಳಲ್ಲಿ ಹಾಸಿಗೆ ಮೊದಲು ನಡೆದು ಬಂದವರಿಗೆ, ಸೈಕಲಿನವರು ಸಂಜೆಯವರೆಗೆ ಕಾಯಬೇಕಾಗಬಹುದು. ಬೇಸರ ಮಾಡಿಕೊಳ್ಳಬೇಡಿ, ಹಾಸಿಗೆ ಇಲ್ಲದಿದ್ದರೆ ನೀವು ಮುಂದಿನ ಊರಿಗೆ ಹೋಗಬಹುದು, ಅವರಿಗೆ ಆಗುವುದಿಲ್ಲ. ಖಾಸಗಿ ಆಲ್ಬೆರ್ಗೆಗಳನ್ನು ಹಿಂದಿನ ದಿನವೇ ಕಾದಿರಿಸಬಹುದು, ಸೈಕಲ್ ಇಡಲು ಬೀಗದ ಜಾಗ ಇದೆಯಾ ಅಂತಲೂ ಕೇಳಿ. ಮೂರ್ನಾಲ್ಕು ದಿನಕ್ಕೊಮ್ಮೆ ಬೇರೆ ಬೇರೆ ಕೋಣೆ ತೆಗೆದುಕೊಳ್ಳಿ. ಗೊರಕೆಗಾಗಿ ಅಲ್ಲ, ಅದೂ ಒಂದು ಕಾರಣವೇ, ಆದರೆ ಹಗಲಿಡೀ ಒಬ್ಬರ ಮುಖ ಒಬ್ಬರು ನೋಡಿದ ಮೇಲೆ ರಾತ್ರಿಯಾದರೂ ಸ್ವಲ್ಪ ಬಿಡುವು ಬೇಕು.

ಊಟದ ವಿಷಯ. ಮೊಟ್ಟೆ ತಿನ್ನುತ್ತೀರಿ ಅಂದಿರಿ, ಅರ್ಧ ಚಿಂತೆ ಮುಗಿಯಿತು. ಆಲೂಗಡ್ಡೆ ಮೊಟ್ಟೆಯ ತೋರ್ತಿಯಾ ಹೆಚ್ಚುಕಮ್ಮಿ ಪ್ರತಿ ಬಾರ್‌ನಲ್ಲೂ ಸಿಗುತ್ತದೆ. ಬರೀ ಮಾಂಸ ಬೇಡ ಅಂದರೆ ಸಾಲದು, ಒಣಗಿಸಿದ ಹಂದಿಮಾಂಸ ಹಾಮೋನ್ ಅವರಲ್ಲಿ ಕೆಲವರಿಗೆ ಮಾಂಸದ ಲೆಕ್ಕವೇ ಅಲ್ಲ. ‘ಸಿನ್ ಕಾರ್ನೆ, ಸಿನ್ ಹಾಮೋನ್, ಸಿನ್ ಆತುನ್’ ಅಂತ ಮೂರನ್ನೂ ಹೇಳಿ. ಕೊನೆಯದು ಟ್ಯೂನಾ ಮೀನು, ಮಿಶ್ರ ಸಲಾಡ್ ಮೇಲೆ ಕೇಳದೆಯೇ ಬರುತ್ತದೆ. ಬೇಳೆ ಸಾರಿನಂಥದ್ದರಲ್ಲಿ ಚೊರಿಸೊ ಸಾಸೇಜ್ ಇರುತ್ತದೆ, ಕೊನೆಗೆ ಬರುವ ಗಲಿಸಿಯಾ ಪ್ರಾಂತ್ಯದ ಸೊಪ್ಪಿನ ಸೂಪಿಗೂ ಹಂದಿ ಕೊಬ್ಬು ಹಾಕುತ್ತಾರೆ. ಇದಕ್ಕಿಂತ ದೊಡ್ಡ ಕಷ್ಟ ಹೊತ್ತಿನದು. ಮಧ್ಯಾಹ್ನದ ಅಡುಗೆಮನೆ ನಾಲ್ಕರ ಸುಮಾರಿಗೆ ಮುಚ್ಚಿದರೆ ಮತ್ತೆ ತೆರೆಯುವುದು ರಾತ್ರಿ ಎಂಟಕ್ಕೆ, ಸೈಕಲ್ ತುಳಿದವನಿಗೆ ಹಸಿವಾಗುವುದು ಸಂಜೆ ಆರಕ್ಕೆ. ಭಾನುವಾರ ಅಂಗಡಿಗಳೂ ಮುಚ್ಚಿರುತ್ತವೆ. ಬ್ರೆಡ್ಡು, ಚೀಸ್, ಬಾಳೆಹಣ್ಣು, ಖರ್ಜೂರ ಚೀಲದಲ್ಲಿ ಇದ್ದೇ ಇರಲಿ. ಹಸಿದ ಹೊತ್ತಿನಲ್ಲಿ ಮರುದಿನದ ಯೋಜನೆ ಮಾಡಬೇಡಿ, ಜಗಳ ಖಂಡಿತ.

ಪ್ರಮಾಣಪತ್ರ ಬೇಕಿದ್ದರೆ ಸೈಕಲಿನವರು ಸಾಂತಿಯಾಗೊ ಮುಟ್ಟುವ ಕೊನೆಯ 200 ಕಿ.ಮೀ. ಆದರೂ ತುಳಿದಿರಬೇಕು, ನಡೆಯುವವರಿಗೆ ಇದು 100. ಕ್ರೆದೆನ್ಸಿಯಾಲ್ ಅನ್ನುವ ಯಾತ್ರೆಯ ಪುಸ್ತಿಕೆಯಲ್ಲಿ ದಿನಕ್ಕೆ ಎರಡು ಮುದ್ರೆ ಹಾಕಿಸಿಕೊಳ್ಳಬೇಕು. ಬೇರೆ ಬೇರೆ ಹೋಗುವಾಗ ಇಬ್ಬರ ಪುಸ್ತಿಕೆ ಒಬ್ಬರ ಹತ್ತಿರ ಇಡಬೇಡಿ. ಅಲ್ಲಿ ನಿಮ್ಮ ಧರ್ಮ ಕೇಳುವುದಿಲ್ಲ, ಯಾತ್ರೆಯ ಉದ್ದೇಶ ಕೇಳುತ್ತಾರೆ.

ಹೋಗುವುದಕ್ಕೆ ಮೇ, ಜೂನ್ ಇಲ್ಲವೇ ಸೆಪ್ಟೆಂಬರ್ ಒಳ್ಳೆಯದು. ಜುಲೈ 25 ಸಂತ ಯಾಕೋಬರ ಹಬ್ಬ, ಅದು ಭಾನುವಾರ ಬಿದ್ದ ವರ್ಷ ಪವಿತ್ರ ವರ್ಷ, ಮುಂದಿನದು 2027. ಆ ವರ್ಷ ಜನ ಜಾಸ್ತಿ, ಕೋಣೆ ಬೇಗ ಕಾದಿರಿಸಿ. ಷೆಂಗೆನ್ ವೀಸಾಕ್ಕೆ ಆರು ತಿಂಗಳು ಮೊದಲೇ ಅರ್ಜಿ ಹಾಕಬಹುದು. ಫ್ರಾನ್ಸಿನಲ್ಲಿ ಶುರುವಾದರೂ ಜಾಸ್ತಿ ದಿನ ಇರುವುದು ಸ್ಪೇನಿನಲ್ಲಿ, ಹಾಗಾಗಿ ಅರ್ಜಿ ಸ್ಪೇನಿಗೆ ಹೋಗಬೇಕು. ಕನಿಷ್ಠ 30,000 ಯೂರೊ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ.

ಹೊರಡುವ ಮೊದಲೇ ಮಾತಾಡಿಕೊಳ್ಳಬೇಕಾದ್ದು ಇನ್ನೊಂದಿದೆ, ಎಲ್ಲರೂ ಮುಂದೂಡುವ ಮಾತು. ಒಬ್ಬರಿಗೆ ಪೆಟ್ಟಾದರೆ ಅಥವಾ ಸಾಕು ಅನಿಸಿದರೆ ಇನ್ನೊಬ್ಬರು ಮುಂದೆ ಹೋಗಬಹುದಾ? ನನ್ನ ಪ್ರಕಾರ ಹೋಗಬಹುದು. ಪೆಟ್ಟಾದವರನ್ನು ವೈದ್ಯರಿಗೆ ತೋರಿಸಿ, ಮಲಗಲು ಜಾಗ ಮಾಡಿಕೊಟ್ಟ ಮೇಲೆ. ನೀವಿಬ್ಬರೂ ಬೇರೆ ಅಂದುಕೊಳ್ಳಬಹುದು, ಅದೂ ಸರಿಯೇ. ಆದರೆ ಆ ಉತ್ತರ ಮನೆಯಲ್ಲಿ ಕೂತಾಗಲೇ ಬರಬೇಕು, ಊದಿಕೊಂಡ ಮಂಡಿ ಮುಂದೆ ಇಟ್ಟುಕೊಂಡು ಅಲ್ಲ.

ಅಭ್ಯಾಸಕ್ಕೆ ಭಾನುವಾರ ಒಂದೇ ಸಾಲದು. ಶನಿವಾರ, ಭಾನುವಾರ ಎರಡೂ ದಿನ ಚೀಲ ಕಟ್ಟಿಕೊಂಡು ತುಳಿಯಿರಿ. ಎರಡನೇ ದಿನ ಬೆಳಗ್ಗೆ ಸೀಟಿನ ಮೇಲೆ ಕೂತಾಗ ಏನನಿಸುತ್ತದೋ ಅದೇ ನಿಜವಾದ ಪರೀಕ್ಷೆ. ಹೊರಡುವ ಹೊತ್ತಿಗೆ ಸತತ ಮೂರು ದಿನ 55 ಕಿ.ಮೀ. ತುಳಿಯಲು ಆಗಬೇಕು. ಅದರಲ್ಲಿ ಒಂದು ಸಲವಾದರೂ ಗುಡ್ಡದ ದಾರಿಯಲ್ಲಿ ಗೆಳೆಯನ ಜೊತೆ ಹೋಗಿ, ಈ ಕರಾರುಗಳನ್ನು ಅಲ್ಲೇ ನೋಡಿಬಿಡಿ. ಕಾಯುವುದು ಅವನಿಗೆ ಆಗುವುದೇ ಇಲ್ಲ ಅನಿಸಿದರೆ ಅಥವಾ ನಿಮಗೆ ಮೂರನೇ ದಿನ ಏಳಲು ಆಗದಿದ್ದರೆ, ಪೂರ್ತಿ ದಾರಿಯ ಹಟ ಬಿಟ್ಟು ಲೆಯೋನ್‌ನಿಂದ ಶುರು ಮಾಡಿ. ಸುಮಾರು 310 ಕಿ.ಮೀ., ಆರೇಳು ದಿನ. ಮೂರು ದೊಡ್ಡ ಏರುಗಳಲ್ಲಿ ಎರಡು ಅದರಲ್ಲೇ ಇವೆ, 200 ಕಿ.ಮೀ. ಲೆಕ್ಕವೂ ಆಗುತ್ತದೆ. ಅವನಿಗೆ ಪೂರ್ತಿ ಬೇಕೇ ಬೇಕು ಅಂದರೆ ಒಂದು ವಾರ ಮೊದಲೇ ಪಿರೆನೀಸ್‌ನಿಂದ ಹೊರಟು ಬರಲಿ, ನೀವು ಲೆಯೋನ್‌ನಲ್ಲಿ ಸೇರಿಕೊಳ್ಳಿ. ಆಗ ಅವನ ಕಾಲೂ ಸ್ವಲ್ಪ ದಣಿದಿರುತ್ತದೆ, ನಿಮಗೆ ಅದೂ ಲಾಭವೇ.